ಇಂಗಾಲ, ಸಾರಜನಕ, ಒಂದು ಹಾಳೆ: ಹಗುರ ಧಾತುಗಳಲ್ಲಿ ಟೋಪಾಲಜಿಯ ಹುಡುಕಾಟ



ಯೂರಿಯಾ ಗೊತ್ತಿಲ್ಲದ ರೈತರ ಮನೆ ನಮ್ಮಲ್ಲಿಲ್ಲ. ಆ ಬಿಳಿ ಕಾಳುಗಳನ್ನು ಮುಚ್ಚಳವಿರುವ ಪಿಂಗಾಣಿ ಮೂಸೆಗೆ ತುಂಬಿ, ವಿದ್ಯುತ್ ಕುಲುಮೆಯಲ್ಲಿಟ್ಟು, ನಿಧಾನವಾಗಿ 550 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಕೆಲವು ಗಂಟೆ ಹಾಗೇ ಬಿಟ್ಟರೆ ಏನಾಗುತ್ತದೆ ಎಂಬಲ್ಲಿಂದ ಶುರು ಮಾಡುತ್ತೇನೆ. ಮೊದಲು ಕಾಳು ಕರಗಿ ದ್ರವವಾಗುತ್ತದೆ. ಆಮೇಲೆ ಮೂಗಿಗೆ ಬಡಿಯುವ ಅಮೋನಿಯಾ ಹೊರಡುತ್ತದೆ. ಒಳಗೆ ಉಳಿದ ಅಣುಗಳು ಒಂದನ್ನೊಂದು ಹಿಡಿದುಕೊಂಡು ಉಂಗುರಗಳಾಗುತ್ತವೆ. ಸಯನ್ಯೂರಿಕ್ ಆಮ್ಲ, ಅದರಿಂದ ಮೆಲಮಿನ್, ಅದರಿಂದ ಮೆಲೆಮ್ ಎಂದು ಉಂಗುರಗಳು ಹಂತ ಹಂತವಾಗಿ ದೊಡ್ಡದಾಗುತ್ತ ಹೋಗುತ್ತವೆ. ಕುಲುಮೆ ಆರಿದ ಮೇಲೆ ಮುಚ್ಚಳ ತೆಗೆದರೆ, ಹಾಕಿದ್ದರಲ್ಲಿ ಬಹುಪಾಲು ಹಾರಿಹೋಗಿ, ತಳದಲ್ಲಿ ಒಂದಿಷ್ಟು ತಿಳಿಹಳದಿ ಪುಡಿ ಉಳಿದಿರುತ್ತದೆ. ಅದೇ ಗ್ರಾಫೈಟ್ ಬಗೆಯ ಕಾರ್ಬನ್ ನೈಟ್ರೈಡ್. ಕಾಗದದ ಮೇಲೆ ಅದರ ಸೂತ್ರ ಸಿ3ಎನ್4: ಮೂರು ಇಂಗಾಲಕ್ಕೆ ನಾಲ್ಕು ಸಾರಜನಕ.

ಈ ಪುಡಿಗೆ ಹಳದಿ ಬಣ್ಣ ಬಂದದ್ದು ಎಲ್ಲಿಂದ? ಘನವಸ್ತುವಿನಲ್ಲಿ ಎಲೆಕ್ಟ್ರಾನ್‌ಗಳು ಇರಬಹುದಾದ ಶಕ್ತಿಮಟ್ಟಗಳು ಪಟ್ಟಿಪಟ್ಟಿಯಾಗಿರುತ್ತವೆ. ಅವನ್ನು ಬ್ಯಾಂಡ್ ಎನ್ನುತ್ತೇವೆ. ತುಂಬಿದ ಬ್ಯಾಂಡಿಗೂ ಅದರ ಮೇಲಿನ ಖಾಲಿ ಬ್ಯಾಂಡಿಗೂ ನಡುವೆ ಎಲೆಕ್ಟ್ರಾನ್ ನಿಲ್ಲಲಾಗದ ಒಂದು ಅಂತರವಿರುತ್ತದೆ. ಈ ಪುಡಿಯಲ್ಲಿ ಆ ಅಂತರ ಸುಮಾರು 2.7 ಎಲೆಕ್ಟ್ರಾನ್ ವೋಲ್ಟ್. ಬೆಳಕಿನ ಲೆಕ್ಕದಲ್ಲಿ ಅದು 460 ನ್ಯಾನೊಮೀಟರ್ ತರಂಗಾಂತರಕ್ಕೆ, ಅಂದರೆ ನೀಲಿಗೆ ಸಮ. ನೀಲಿಯನ್ನೂ ಅದಕ್ಕಿಂತ ಹೆಚ್ಚು ಶಕ್ತಿಯ ನೇರಳೆಯನ್ನೂ ಪುಡಿ ನುಂಗಿಬಿಡುತ್ತದೆ. ಉಳಿದ ಬೆಳಕು ಚದುರಿ ನಮ್ಮ ಕಣ್ಣಿಗೆ ಹಳದಿಯಾಗಿ ಬರುತ್ತದೆ. ಬ್ಯಾಂಡ್ ಅಂತರವನ್ನು ಬರಿಗಣ್ಣಿನಿಂದಲೇ ಇಷ್ಟು ಸಲೀಸಾಗಿ ಓದಬಹುದಾದ ವಸ್ತುಗಳೆಂದರೆ ನನಗೆ ಬಹಳ ಇಷ್ಟ.

ಇದು ಹೊಸ ವಸ್ತುವೂ ಅಲ್ಲ. ಯೂರಿಯಾವನ್ನು ಪ್ರಯೋಗಾಲಯದಲ್ಲಿ ಮೊದಲು ತಯಾರಿಸಿದವರು ವೋಲರ್, 1828ರಲ್ಲಿ. ಅವರ ಸ್ನೇಹಿತ ಯೂಸ್ಟುಸ್ ಲೀಬಿಗ್ 1834ರಲ್ಲಿ ಸಾರಜನಕದ ಸಂಯುಕ್ತಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಮೆಲಮಿನ್, ಮೆಲಮ್‌ಗಳ ಜೊತೆಗೆ ಮೆಲಾನ್ ಎಂಬ, ಯಾವುದರಲ್ಲೂ ಕರಗದ ಹಳದಿ ಪದಾರ್ಥದ ಪ್ರಸ್ತಾಪವಿದೆ. ಯಾವುದರಲ್ಲೂ ಕರಗದ್ದರಿಂದ ಅದರ ಒಳಗಟ್ಟು ತಿಳಿಯಲು ನೂರು ವರ್ಷ ಹಿಡಿಯಿತು. 1937ರಲ್ಲಿ ಲೈನಸ್ ಪೌಲಿಂಗ್ ಮತ್ತು ಸ್ಟರ್ಡಿವಂಟ್ ಇದರ ತಿರುಳಿನಲ್ಲಿ ಮೂರು ಉಂಗುರ ಬೆಸೆದುಕೊಂಡ ಚಪ್ಪಟೆಯಾದ ಒಂದು ಘಟಕವಿದೆ ಎಂದು ವಾದಿಸಿದರು. ಇವತ್ತು ನಾವು ಹೆಪ್ಟಜೀನ್ ಎನ್ನುವುದು ಅದನ್ನೇ. 1989ರಲ್ಲಿ ಬರ್ಕ್ಲಿಯ ಮಾರ್ವಿನ್ ಕೋಹೆನ್ ಮತ್ತು ಆಮಿ ಲಿಯು, ಇದೇ ಧಾತುಗಳನ್ನು ಬೇರೆ ರೀತಿ ಕಟ್ಟಿದರೆ ವಜ್ರಕ್ಕೆ ಸರಿಗಟ್ಟುವಷ್ಟು ಒತ್ತಡ ತಾಳುವ ಘನವಸ್ತು ಸಿಗಬಹುದೆಂದು ಲೆಕ್ಕ ಹಾಕಿ ತೋರಿಸಿದರು. ಆಮೇಲಿನ ಎರಡು ದಶಕ ಎಲ್ಲರೂ ಗಟ್ಟಿ ವಸ್ತುವಿನ ಬೆನ್ನು ಹತ್ತಿದರು. 2009ರಲ್ಲಿ ಜರ್ಮನಿಯ ಪಾಟ್ಸ್‌ಡಾಮ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಮಾರ್ಕುಸ್ ಆಂಟೋನಿಯೆಟ್ಟಿ, ಷಿನ್‌ಚೆನ್ ವಾಂಗ್ ಮತ್ತು ಸಂಗಡಿಗರು ಹಳದಿ ಪುಡಿಗೇ ಮರಳಿದರು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅದು ನೀರಿನಿಂದ ಜಲಜನಕ ಬಿಡಿಸಬಲ್ಲದು ಎಂದು ತೋರಿಸಿದರು. ಅಲ್ಲಿಂದ ಈಚೆಗೆ ಈ ಪುಡಿಯ ಮೇಲೆ ಬಂದಿರುವ ಪ್ರಬಂಧಗಳು ಸಾವಿರಾರು.

ನನ್ನ ಇವತ್ತಿನ ವಿಷಯ ಜಲಜನಕವಲ್ಲ. ಇಂಗಾಲ ಮತ್ತು ಸಾರಜನಕವನ್ನು ಒಂದೇ ಪರಮಾಣು ದಪ್ಪದ ಹಾಳೆಯಾಗಿ ನೇಯ್ದಾಗ ಅದರೊಳಗಿನ ಎಲೆಕ್ಟ್ರಾನ್ ಅಲೆಗಳಲ್ಲಿ ಕಾಣಿಸಿಕೊಳ್ಳುವ, ಅಳಿಸಿಹಾಕಲಾಗದ ಒಂದು ತಿರುವಿನ ಬಗ್ಗೆ ಮಾತನಾಡಬೇಕೆಂದಿದ್ದೇನೆ. ಇಂಥ ತಿರುವಿಗೆ, ಅಂದರೆ ಟೋಪಾಲಜಿಗೆ, ಪಾದರಸ, ಬಿಸ್ಮತ್‌ನಂಥ ಭಾರದ ಧಾತುಗಳೇ ಬೇಕು ಎಂಬ ನಂಬಿಕೆ ಬಹಳ ದಿನ ಇತ್ತು. ಹಗುರ ಧಾತುಗಳಿಗೂ ಅಲ್ಲಿ ಜಾಗವಿದೆ. ಪರಮಾಣುಗಳನ್ನು ಎಲ್ಲಿ ಕೂರಿಸುತ್ತೇವೆ ಎಂಬುದು ಅವುಗಳ ತೂಕದಷ್ಟೇ ಮುಖ್ಯ. ಈ ಮಾತನ್ನು ನಿಮ್ಮ ಮುಂದೆ ಸಮರ್ಥಿಸಬೇಕೆಂಬುದೇ ನನ್ನ ಆಸೆ.

ತಿರುವು ಎಂದೆ. ಅದನ್ನು ವಿವರಿಸಬೇಕು. ಹುಡುಗಿಯರು ಜಡೆಗೆ ಕಟ್ಟುವ ರಿಬ್ಬನ್ ಒಂದನ್ನು ತೆಗೆದುಕೊಳ್ಳಿ. ಎರಡು ತುದಿಗಳನ್ನು ನೇರವಾಗಿ ತಂದು ಅಂಟಿಸಿದರೆ ಒಂದು ಬಳೆಯಾಗುತ್ತದೆ. ಅಂಟಿಸುವ ಮುಂಚೆ ಒಂದು ತುದಿಯನ್ನು ಅರ್ಧ ಸುತ್ತು ಹೊರಳಿಸಿದರೂ ಬಳೆಯೇ ಆಗುತ್ತದೆ, ಆದರೆ ಅದರ ಮೈಯಲ್ಲೊಂದು ತಿರುವು ಉಳಿಯುತ್ತದೆ. ಆ ರಿಬ್ಬನ್ನನ್ನು ಎಳೆಯಿರಿ, ಮುದುಡಿ, ಇಸ್ತ್ರಿ ಹಾಕಿ. ತಿರುವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳಬಹುದೇ ಹೊರತು ಇಲ್ಲವಾಗಿಸಲು ಆಗುವುದಿಲ್ಲ. ಇಲ್ಲವಾಗಬೇಕಾದರೆ ಕತ್ತರಿ ಬೇಕು. ಸ್ಫಟಿಕದೊಳಗೆ ಎಲೆಕ್ಟ್ರಾನಿನ ಸಂವೇಗವೂ ಬಳೆಯ ಹಾಗೆ ಸುತ್ತಿ ಬಂದು ತನ್ನನ್ನೇ ಸೇರುತ್ತದೆ. ಆ ಸುತ್ತಿನಲ್ಲಿ ಎಲೆಕ್ಟ್ರಾನಿನ ಅಲೆ ತಿರುವಿಲ್ಲದೆ ವಾಪಸು ಬಂದರೆ ಅದು ಮಾಮೂಲಿ ಅವಾಹಕ. ತಿರುವಿನೊಂದಿಗೆ ಬಂದರೆ ಟೋಪಾಲಜಿಯ ಅವಾಹಕ. ಇಲ್ಲಿ ಕತ್ತರಿಯ ಕೆಲಸ ಮಾಡುವುದು ಬ್ಯಾಂಡ್ ಅಂತರ ಮುಚ್ಚುವುದು. ತಿರುವಿರುವ ವಸ್ತು ತಿರುವಿಲ್ಲದ ಗಾಳಿಯನ್ನೋ ನಿರ್ವಾತವನ್ನೋ ತಾಗುವ ಅಂಚಿನಲ್ಲಿ ತಿರುವು ಮುಗಿಯಲೇಬೇಕು, ಅಲ್ಲಿ ಅಂತರ ಮುಚ್ಚಲೇಬೇಕು. ಹಾಗಾಗಿ ಒಳಗೆಲ್ಲ ವಿದ್ಯುತ್ ಹರಿಯದ ಹಾಳೆಯ ಅಂಚಿನಲ್ಲಿ ಮಾತ್ರ ವಿದ್ಯುತ್ ಹರಿಯುತ್ತದೆ. ಅಂಚು ಒರಟಾಗಿದ್ದರೂ, ಅಲ್ಲೊಂದು ಇಲ್ಲೊಂದು ಕಲ್ಮಶ ಸೇರಿದ್ದರೂ ಆ ದಾರಿ ಮುಚ್ಚುವುದಿಲ್ಲ.

ಅಲೆ ಒಂದು ಸುತ್ತು ಹೋಗಿ ಬಂದಾಗ ಅದರ ಪ್ರಾವಸ್ಥೆ ಬದಲಾಗಿರಬಹುದು, ಆ ಬದಲಾವಣೆ ನಡೆದ ದಾರಿಯ ಜ್ಯಾಮಿತಿಯನ್ನು ಮಾತ್ರ ಅವಲಂಬಿಸಿರಬಹುದು ಎಂಬ ವಿಚಾರ ಬಹಳ ಸ್ಪಷ್ಟವಾಗಿ ಮೊದಲು ಕಂಡದ್ದು ಬೆಂಗಳೂರಿನಲ್ಲಿ. 1956ರಲ್ಲಿ, ಸಿ.ವಿ. ರಾಮನ್ ಅವರ ಸಂಶೋಧನಾ ಸಂಸ್ಥೆಯಲ್ಲಿ, ಶಿವರಾಮಕೃಷ್ಣನ್ ಪಂಚರತ್ನಂ ಎಂಬ ಇಪ್ಪತ್ತೆರಡರ ಯುವಕ ಹರಳುಗಳ ಮೂಲಕ ಹಾಯುವ ಧ್ರುವೀಕೃತ ಬೆಳಕಿನ ಬಗ್ಗೆ ಕೆಲಸ ಮಾಡುತ್ತಿದ್ದರು. ಬೆಳಕಿನ ಧ್ರುವೀಕರಣದ ಎಲ್ಲ ಸ್ಥಿತಿಗಳನ್ನೂ ಒಂದು ಗೋಳದ ಮೇಲಿನ ಬಿಂದುಗಳಾಗಿ ಗುರುತಿಸಬಹುದು. ಆ ಗೋಳದ ಮೇಲೆ ತ್ರಿಕೋನವೊಂದನ್ನು ಸುತ್ತಿ ಮೊದಲಿನ ಸ್ಥಿತಿಗೆ ಮರಳಿದ ಬೆಳಕು, ತ್ರಿಕೋನ ಕೇಂದ್ರದಲ್ಲಿ ಮಾಡುವ ಘನಕೋನದ ಅರ್ಧದಷ್ಟು ಪ್ರಾವಸ್ಥೆಯನ್ನು ಗಳಿಸಿರುತ್ತದೆ ಎಂದು ಅವರು ತೋರಿಸಿದರು. 1984ರಲ್ಲಿ ಬ್ರಿಸ್ಟಲ್‌ನ ಮೈಕೆಲ್ ಬೆರ್‍ರಿ ಕ್ವಾಂಟಂ ಸ್ಥಿತಿಗಳಿಗೆ ಇದೇ ಬಗೆಯ ಪ್ರಾವಸ್ಥೆಯನ್ನು ಸಾಮಾನ್ಯ ರೂಪದಲ್ಲಿ ಕಂಡುಕೊಂಡರು. ಪಂಚರತ್ನಂ ಕೆಲಸಕ್ಕೂ ಇದಕ್ಕೂ ಇರುವ ನಂಟನ್ನು ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ 1986ರಲ್ಲಿ ಎತ್ತಿ ತೋರಿಸಿದರು. ಬೆರ್‍ರಿ ಮರುವರ್ಷ ಅದನ್ನು ಒಪ್ಪಿ ಪ್ರಬಂಧವನ್ನೇ ಬರೆದರು. ಪಂಚರತ್ನಂ ಮೈಸೂರು ವಿಶ್ವವಿದ್ಯಾಲಯದಲ್ಲೂ ಕೆಲವು ವರ್ಷ ಪಾಠ ಹೇಳಿದವರು. 1969ರಲ್ಲಿ, ಮೂವತ್ತೈದರ ಹರೆಯದಲ್ಲಿ, ಆಕ್ಸ್‌ಫರ್ಡ್‌ನಲ್ಲಿ ತೀರಿಕೊಂಡರು. ತಮ್ಮ ಕಲ್ಪನೆ ಘನವಸ್ತು ಭೌತಶಾಸ್ತ್ರದ ನಡುಮನೆಗೆ ಬಂದು ಕೂತದ್ದನ್ನು ನೋಡುವ ಭಾಗ್ಯ ಅವರಿಗೆ ಸಿಗಲಿಲ್ಲ ಎಂಬ ನೋವು ನನಗಿದೆ.

ಎಲೆಕ್ಟ್ರಾನ್‌ಗಳ ಕಡೆಯಿಂದ ಈ ಕಥೆ 1980ರ ಫೆಬ್ರವರಿಯಲ್ಲಿ ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಶುರುವಾಯಿತು. ಕ್ಲಾಸ್ ಫಾನ್ ಕ್ಲಿಟ್ಸಿಂಗ್ ಅತಿ ತಂಪಿನಲ್ಲಿ, ಪ್ರಬಲ ಕಾಂತಕ್ಷೇತ್ರದಲ್ಲಿ, ಸಿಲಿಕಾನ್ ಟ್ರಾನ್ಸಿಸ್ಟರಿನ ಹಾಲ್ ರೋಧವನ್ನು ಅಳೆಯುತ್ತಿದ್ದರು. ರೋಧ ನುಣ್ಣಗೆ ಏರುವ ಬದಲು ಮೆಟ್ಟಿಲು ಮೆಟ್ಟಿಲಾಗಿ ನಿಂತಿತು. ಮೆಟ್ಟಿಲುಗಳ ಎತ್ತರವೆಲ್ಲ 25,812.807 ಓಮ್ ಎಂಬ ಸಂಖ್ಯೆಯನ್ನು ಪೂರ್ಣಾಂಕಗಳಿಂದ ಭಾಗಿಸಿದಷ್ಟು. ತುಂಡು ಚಿಕ್ಕದೋ ದೊಡ್ಡದೋ, ಶುದ್ಧವೋ ಅಲ್ಲವೋ, ಆ ಸಂಖ್ಯೆ ಕದಲಲಿಲ್ಲ. 1982ರಲ್ಲಿ ಡೇವಿಡ್ ಥೌಲೆಸ್ ಮತ್ತು ಮೂವರು ಸಹೋದ್ಯೋಗಿಗಳು ಆ ಪೂರ್ಣಾಂಕವು ಎಲೆಕ್ಟ್ರಾನ್ ಅಲೆಗಳ ತಿರುವಿನ ಎಣಿಕೆ ಎಂದು ತೋರಿಸಿದರು. ಅರ್ಧ ತಿರುವು, ಮುಕ್ಕಾಲು ತಿರುವು ಇಲ್ಲದ ಕಾರಣ ಅಳತೆಯೂ ಪೂರ್ಣಾಂಕದಲ್ಲೇ ಬರುತ್ತದೆ. 1988ರಲ್ಲಿ ಡಂಕನ್ ಹಾಲ್ಡೇನ್ ಹೊರಗಿನ ಕಾಂತಕ್ಷೇತ್ರವೇ ಇಲ್ಲದೆ, ಜೇನುಗೂಡಿನಂತೆ ಷಟ್ಕೋನಗಳಿಂದಾದ ಹಾಳೆಯಲ್ಲೇ ಈ ತಿರುವನ್ನು ಪಡೆಯಬಹುದೆಂದು ಕಾಗದದ ಮೇಲೆ ಸಾಧಿಸಿದರು. ಆಗ ಅಂಥ ಹಾಳೆ ಯಾರ ಕೈಯಲ್ಲೂ ಇರಲಿಲ್ಲ. ಅದು ನಿಜವಾದ ವಸ್ತುವಿನಲ್ಲಿ ಸಾಧ್ಯವಾದೀತೆಂಬ ಭರವಸೆ ಸ್ವತಃ ಅವರಿಗೂ ಇರಲಿಲ್ಲ.

2004ರಲ್ಲಿ ಮ್ಯಾಂಚೆಸ್ಟರ್‌ನ ಗೈಮ್ ಮತ್ತು ನೊವೊಸೆಲೊವ್ ಗ್ರಾಫೈಟ್‌ನಿಂದ ಒಂಟಿ ಪದರ ಬಿಡಿಸಿ, ಜೇನುಗೂಡಿನ ಹಾಳೆಯನ್ನು ನಿಜವಾಗಿಸಿದರು. ಅದೇ ಗ್ರಾಫೀನ್. ಮರುವರ್ಷವೇ ಚಾರ್ಲ್ಸ್ ಕೇನ್ ಮತ್ತು ಯೂಜೀನ್ ಮೆಲ್, ಗ್ರಾಫೀನಿನಲ್ಲಿ ಎಲೆಕ್ಟ್ರಾನಿನ ಸ್ಪಿನ್‌ಗೂ ಅದರ ಕಕ್ಷೆಯ ಚಲನೆಗೂ ಇರುವ ಸಂಬಂಧ ಒಂದು ಪುಟ್ಟ ಅಂತರ ತೆರೆಯುತ್ತದೆ, ಆ ಅಂತರಕ್ಕೆ ತಿರುವಿದೆ ಎಂದರು. ಒಂದು ಸ್ಪಿನ್ನಿನ ಎಲೆಕ್ಟ್ರಾನ್ ಅಂಚಿನಲ್ಲಿ ಬಲಕ್ಕೆ ಹೋದರೆ ವಿರುದ್ಧ ಸ್ಪಿನ್ನಿನದು ಎಡಕ್ಕೆ ಹೋಗಬೇಕು. ಸುಂದರವಾದ ಸಿದ್ಧಾಂತ. ಆದರೆ ಇಂಗಾಲ ಹಗುರ. ಸ್ಪಿನ್–ಕಕ್ಷೆ ಸಂಬಂಧ ಪರಮಾಣು ಸಂಖ್ಯೆಯ ಜೊತೆ ಕಡಿದಾಗಿ ಏರುತ್ತದೆ. ಇಂಗಾಲದ ಸಂಖ್ಯೆ ಆರು, ಬಿಸ್ಮತ್‌ನದು 83. ಗ್ರಾಫೀನಿನಲ್ಲಿ ತೆರೆದ ಅಂತರ ಮೈಕ್ರೊ ಎಲೆಕ್ಟ್ರಾನ್ ವೋಲ್ಟಿನ ಕೆಲವು ಹತ್ತುಗಳಷ್ಟು. ಉಷ್ಣತೆಗೆ ಪರಿವರ್ತಿಸಿದರೆ ನಿರಪೇಕ್ಷ ಶೂನ್ಯದಿಂದ ಅರ್ಧ ಡಿಗ್ರಿಯ ಆಸುಪಾಸು. ಅದಕ್ಕಿಂತ ತುಸು ಬಿಸಿಯಾದರೂ ಆ ಅಂತರ ಕಾಣದಂತೆ ಮುಚ್ಚಿಹೋಗುತ್ತದೆ. ಹೀಗಾಗಿ ಪ್ರಯೋಗಕಾರರು ಭಾರದ ಧಾತುಗಳ ಕಡೆಗೆ ಹೊರಳಿದರು. 2007ರಲ್ಲಿ ಜರ್ಮನಿಯ ವುರ್ಜ್‌ಬುರ್ಗ್‌ನಲ್ಲಿ ಪಾದರಸ ಟೆಲ್ಯುರೈಡ್‌ನ ತೆಳುಪದರದಲ್ಲಿ ಅಂಚಿನ ವಿದ್ಯುತ್ತನ್ನು ಅಳೆದದ್ದು, 2017ರಲ್ಲಿ ಬಿಸ್ಮತ್‌ನ ಒಂಟಿ ಪದರದಲ್ಲಿ ಸುಮಾರು 0.8 ಎಲೆಕ್ಟ್ರಾನ್ ವೋಲ್ಟಿನ ದೊಡ್ಡ ಅಂತರ ಕಂಡದ್ದು ಎಲ್ಲವೂ ಈ ದಾರಿಯ ಫಲ. ಟೋಪಾಲಜಿ ಎಂದರೆ ಭಾರದ ಧಾತು ಎಂಬ ನಂಬಿಕೆ ಗಟ್ಟಿಯಾದದ್ದೂ ಹೀಗೆಯೇ.

ಈಗ ಸಾರಜನಕ. ಗ್ರಾಫೀನಿನಿಂದ ಒಂದು ಇಂಗಾಲ ತೆಗೆದು ಆ ಜಾಗದಲ್ಲಿ ಸಾರಜನಕ ಕೂರಿಸಿದರೆ ಗಾತ್ರದಲ್ಲಿ ಹೆಚ್ಚು ವ್ಯತ್ಯಾಸವಾಗುವುದಿಲ್ಲ. ಎರಡೂ ಪಕ್ಕಪಕ್ಕದ ಧಾತುಗಳು. ಹೆಚ್ಚಾಗುವುದು ಒಂದೇ ಒಂದು ಎಲೆಕ್ಟ್ರಾನ್. ಆ ಒಂದು ಎಲೆಕ್ಟ್ರಾನ್ ಎಷ್ಟು ಬದಲಿಸುತ್ತದೆ ಎಂಬುದನ್ನು ಒಂದು ನಿಜವಾದ ಹಾಳೆಯಲ್ಲೇ ಎಣಿಸಿ ನೋಡೋಣ. ವಿದ್ಯಾರ್ಥಿಗಳು ದಯವಿಟ್ಟು ಪುಸ್ತಕದಲ್ಲಿ ಬರೆದುಕೊಳ್ಳಿ.

ದಕ್ಷಿಣ ಕೊರಿಯಾದ ಉಲ್ಸಾನ್ ನಗರದ ವಿಜ್ಞಾನ ಸಂಸ್ಥೆಯಲ್ಲಿ ಜೋಂಗ್-ಬಿಯೋಮ್ ಬೇಕ್ ಅವರ ತಂಡ 2016ರಲ್ಲಿ ಸಿ3ಎನ್ ಹಾಳೆಯನ್ನು ಪ್ರಕಟಿಸಿತು. ಆರೂ ಮೂಲೆಗಳಲ್ಲಿ ಅಮೈನೊ ಗುಂಪು ಹೊತ್ತ ಬೆಂಜೀನಿನ ಹರಳುಗಳನ್ನು 500 ಡಿಗ್ರಿಗೆ ಕಾಯಿಸಿ ಅದನ್ನು ಪಡೆದರು. ಜೇನುಗೂಡಿನ ಆಕಾರ ಪೂರ್ತಿ ಉಳಿದಿದೆ. ನಡುವೆ ಖಾಲಿ ತೂತುಗಳಿಲ್ಲ. ಇಂಗಾಲದ ಆರುಮೂಲೆ ಉಂಗುರಗಳನ್ನು ಸಾರಜನಕಗಳು ಸುತ್ತುವರಿದು ಒಂದರಿಂದೊಂದನ್ನು ಬೇರ್ಪಡಿಸಿವೆ. ಮತ್ತೆ ಮತ್ತೆ ಬರುವ ಅತಿ ಚಿಕ್ಕ ಕೋಶದಲ್ಲಿ ಎಂಟು ಪರಮಾಣು: ಆರು ಇಂಗಾಲ, ಎರಡು ಸಾರಜನಕ. ಹಾಳೆಯ ಮೇಲಕ್ಕೂ ಕೆಳಕ್ಕೂ ಚಾಚಿದ ಪೈ ಕಕ್ಷಕಕ್ಕೆ ಪ್ರತಿ ಇಂಗಾಲ ಒಂದು ಎಲೆಕ್ಟ್ರಾನ್ ಕೊಡುತ್ತದೆ. ಸಾರಜನಕ ಎರಡು ಕೊಡುತ್ತದೆ. ಆರು ಮತ್ತು ನಾಲ್ಕು, ಒಟ್ಟು ಹತ್ತು. ಒಂದು ಬ್ಯಾಂಡಿಗೆ ಎರಡರಂತೆ ಐದು ಬ್ಯಾಂಡು ತುಂಬುತ್ತವೆ. ಇಷ್ಟೇ ದೊಡ್ಡ ಗ್ರಾಫೀನ್ ಕೋಶದಲ್ಲಿ ಎಂಟು ಎಲೆಕ್ಟ್ರಾನ್, ನಾಲ್ಕು ಬ್ಯಾಂಡು. ಗ್ರಾಫೀನಿನಲ್ಲಿ ತುಂಬಿದ ಬ್ಯಾಂಡೂ ಖಾಲಿ ಬ್ಯಾಂಡೂ ಒಂದೇ ಬಿಂದುವಿನಲ್ಲಿ ಮುಟ್ಟುತ್ತವೆ. ಆ ಬಿಂದುವಿಗೆ ಡಿರಾಕ್ ಬಿಂದು ಎಂದು ಹೆಸರು. ಸಿ3ಎನ್‌ನಲ್ಲಿ ಎಲೆಕ್ಟ್ರಾನ್‌ಗಳ ಮಟ್ಟ ಒಂದು ಬ್ಯಾಂಡಿನಷ್ಟು ಮೇಲೇರಿ, ಅಲ್ಲೊಂದು ಅಂತರ ಸಿಗುತ್ತದೆ. ಲೋಹದ ಹತ್ತಿರವಿದ್ದ ಹಾಳೆ ಅರೆವಾಹಕವಾಯಿತು. ಹಾಳೆ ಹಿಗ್ಗಲಿಲ್ಲ, ಮಡಿಸಿಕೊಳ್ಳಲಿಲ್ಲ, ಭಾರದ ಧಾತು ಬರಲಿಲ್ಲ. ಬದಲಾದದ್ದು ಎಣಿಕೆ ಮಾತ್ರ. ಇದೇ ತಂಡ 2015ರಲ್ಲಿ ಸಿ2ಎನ್ ಎಂಬ ಇನ್ನೊಂದು ಹಾಳೆಯನ್ನೂ ಮಾಡಿತ್ತು. ಅದರಲ್ಲಿ ಸಾಲುಸಾಲಾಗಿ ಒಂದೇ ಅಳತೆಯ ತೂತುಗಳಿದ್ದು, ಪ್ರತಿ ತೂತಿನ ಸುತ್ತ ಆರು ಸಾರಜನಕಗಳು ಒಳಮುಖವಾಗಿ ಕುಳಿತಿವೆ. ಅದರ ಅಂತರ 1.96 ಎಲೆಕ್ಟ್ರಾನ್ ವೋಲ್ಟ್.

ತೂತಿನೊಳಕ್ಕೆ ಮುಖ ಮಾಡಿದ ಈ ಸಾರಜನಕಗಳೇ ನಮ್ಮ ಕಥೆಯ ಮುಖ್ಯ ಪಾತ್ರಗಳು. ಅಂಥ ಸಾರಜನಕಕ್ಕೆ ಎರಡೇ ಬಂಧ. ಉಳಿದ ಒಂದು ಜೋಡಿ ಎಲೆಕ್ಟ್ರಾನ್ ಯಾರ ಜೊತೆಗೂ ಸೇರದೆ ತೂತಿನ ಕಡೆಗೆ ಚಾಚಿಕೊಂಡಿರುತ್ತದೆ. ರಸಾಯನಶಾಸ್ತ್ರದವರು ಅದನ್ನು ಒಂಟಿ ಜೋಡಿ ಎನ್ನುತ್ತಾರೆ. ಈ ಜೋಡಿ ಹಾಳೆಯ ಸಮತಲದಲ್ಲೇ ಇದೆ ಎಂಬುದನ್ನು ಗಮನಿಸಬೇಕು. ಗ್ರಾಫೀನಿನ ಪೈ ಎಲೆಕ್ಟ್ರಾನ್ ಹಾಳೆಗೆ ಲಂಬವಾಗಿ ನಿಂತ ಒಂದೇ ಕಕ್ಷಕದಲ್ಲಿದೆ. ಅದಕ್ಕೆ ತನ್ನ ಪರಮಾಣುವಿನ ಸುತ್ತ ಸಮತಲದಲ್ಲಿ ಸುತ್ತುವ ಅವಕಾಶವಿಲ್ಲ, ಆದ್ದರಿಂದ ಸ್ಪಿನ್–ಕಕ್ಷೆ ಸಂಬಂಧ ಅದನ್ನು ಬಳಸುದಾರಿಯಲ್ಲಿ ಮಾತ್ರ ಮುಟ್ಟುತ್ತದೆ. ಸಮತಲದಲ್ಲೇ ಮಲಗಿರುವ ಎರಡು ಕಕ್ಷಕಗಳು ಸೇರಿದರೆ ಎಲೆಕ್ಟ್ರಾನ್ ಪ್ರದಕ್ಷಿಣವಾಗಿಯೂ ಅಪ್ರದಕ್ಷಿಣವಾಗಿಯೂ ಸುತ್ತಬಹುದು, ಆಗ ಸ್ಪಿನ್–ಕಕ್ಷೆ ಸಂಬಂಧ ನೇರವಾಗಿ ತಾಗುತ್ತದೆ. ಧಾತು ಅಷ್ಟೇ ಹಗುರ, ಪರಿಣಾಮ ಮಾತ್ರ ನೂರಾರು ಪಟ್ಟು ದೊಡ್ಡದು.

2014ರಲ್ಲಿ ಚೀನಾದ ಶಾಂಡಾಂಗ್ ವಿಶ್ವವಿದ್ಯಾಲಯದ ಮಿಂಗ್‌ವೆನ್ ಝಾವೊ ಮತ್ತು ಸಂಗಡಿಗರು ಇದನ್ನು ಸಿ6ಎನ್6 ಎಂಬ ಹಾಳೆಯಲ್ಲಿ ಲೆಕ್ಕ ಹಾಕಿ ತೋರಿಸಿದರು. ಮೂರು ಇಂಗಾಲ ಮೂರು ಸಾರಜನಕ ಒಂದು ಬಿಟ್ಟು ಒಂದರಂತೆ ಕುಳಿತ ಟ್ರೈಯಜೀನ್ ಉಂಗುರಗಳನ್ನು ಇಂಗಾಲದಿಂದ ಇಂಗಾಲಕ್ಕೆ ನೇರ ಬೆಸೆದು ಕಟ್ಟಿದ ದೊಡ್ಡ ಜೇನುಗೂಡು ಅದು. ಅದರ ಒಂಟಿ ಜೋಡಿಗಳು ಸೇರಿ ಡಿರಾಕ್ ಬಿಂದುವಿರುವ ಬ್ಯಾಂಡುಗಳನ್ನೂ, ಅವುಗಳ ಪಕ್ಕದಲ್ಲಿ ಏರಿಳಿತವೇ ಇಲ್ಲದ ಚಪ್ಪಟೆ ಬ್ಯಾಂಡನ್ನೂ ಕೊಡುತ್ತವೆ. ಸ್ಪಿನ್–ಕಕ್ಷೆ ಸಂಬಂಧ ಸೇರಿಸಿದಾಗ ಅಲ್ಲಿ ಕೆಲವು ಮಿಲಿ ಎಲೆಕ್ಟ್ರಾನ್ ವೋಲ್ಟಿನ ಅಂತರ ತೆರೆಯಿತು, ಅದಕ್ಕೆ ತಿರುವಿತ್ತು. ಗ್ರಾಫೀನಿನ ಅಂತರದ ಜೊತೆ ಹೋಲಿಸಿದರೆ ಇದು ಬಲು ದೊಡ್ಡದು. ಕೋಣೆಯ ಉಷ್ಣತೆಗೆ ಹೊಂದುವ ಶಕ್ತಿ 25 ಮಿಲಿ ಎಲೆಕ್ಟ್ರಾನ್ ವೋಲ್ಟ್ ಆದ್ದರಿಂದ ಅಲ್ಲಿಗೆ ಇದು ಸಾಲದು. ದ್ರವ ಹೀಲಿಯಮ್ಮಿನ ತಂಪಿನಲ್ಲಿ ಮಾತ್ರ ಚೆನ್ನಾಗಿ ಸಾಲುತ್ತದೆ. ಒಂದು ತೊಡಕಿದೆ. ಒಂಟಿ ಜೋಡಿಗಳ ಬ್ಯಾಂಡುಗಳು ತುಂಬಿಕೊಂಡಿರುವುದರಿಂದ, ಆ ಅಂತರದ ಮಟ್ಟಕ್ಕೆ ಇಳಿಯಲು ಹಾಳೆಯಿಂದ ಸಾಕಷ್ಟು ಎಲೆಕ್ಟ್ರಾನ್‌ಗಳನ್ನು ಹೊರಗೆಳೆಯಬೇಕು. ಅದು ಗೇಟ್ ವೋಲ್ಟೇಜ್ ತುಸು ತಿರುಗಿಸಿದರೆ ಆಗಿಬಿಡುವ ಕೆಲಸವಲ್ಲ.

ಸ್ಪಿನ್–ಕಕ್ಷೆ ಸಂಬಂಧವನ್ನೇ ಬೇಡದ ಟೋಪಾಲಜಿಯೂ ಇದೆ, ಮತ್ತು ಹಗುರ ಧಾತುಗಳ ನಿಜವಾದ ಭವಿಷ್ಯ ಅಲ್ಲಿದೆ ಎಂದು ನಾನು ನಂಬಿದ್ದೇನೆ. ಅದರ ಬೇರು 1979ರಲ್ಲಿ ಸು, ಶ್ರೀಫರ್ ಮತ್ತು ಹೀಗರ್ ಪಾಲಿಅಸಿಟಿಲೀನ್ ಬಗ್ಗೆ ಮಾಡಿದ ಕೆಲಸದಲ್ಲಿದೆ. ಪಾಲಿಅಸಿಟಿಲೀನ್ ಇಂಗಾಲದ ಒಂದು ಉದ್ದ ಸರಪಳಿ. ಒಂದು ಬಂಧ ಗಿಡ್ಡ, ಮುಂದಿನದು ಉದ್ದ, ಮತ್ತೆ ಗಿಡ್ಡ. ಗಿಡ್ಡದರಿಂದ ಶುರುವಾದ ಸರಪಳಿಯೂ ಉದ್ದದರಿಂದ ಶುರುವಾದ ಸರಪಳಿಯೂ ಒಳಗೆ ಒಂದೇ ರೀತಿ ಕಾಣುತ್ತವೆ, ಶಕ್ತಿಯೂ ಒಂದೇ. ಆದರೆ ಎರಡೂ ಸೇರುವ ಜಾಗದಲ್ಲಿ ಅಂತರದ ನಡುಮಧ್ಯಕ್ಕೆ ಒಂದು ಎಲೆಕ್ಟ್ರಾನ್ ಸ್ಥಿತಿ ಹುಟ್ಟುತ್ತದೆ. ಇಂಗಾಲವಲ್ಲದೆ ಭಾರದ್ದು ಅಲ್ಲಿ ಏನೂ ಇಲ್ಲ. 2017ರಲ್ಲಿ ಬರ್ಕ್ಲಿಯ ಸ್ಟೀವನ್ ಲೂಯಿ ಮತ್ತು ಸಂಗಡಿಗರು ಇದೇ ತರ್ಕವನ್ನು ಗ್ರಾಫೀನಿನ ಕಿರಿದಾದ ಪಟ್ಟಿಗಳಿಗೆ ಅನ್ವಯಿಸಿ, ಪಟ್ಟಿಯ ಅಗಲ ಮತ್ತು ಅದರ ತುದಿಯ ಆಕಾರವೇ ತಿರುವನ್ನು ನಿರ್ಧರಿಸುತ್ತದೆ ಎಂದರು. ಲೂಯಿ ಅವರು, ಆಗಲೇ ಹೇಳಿದ ಮಾರ್ವಿನ್ ಕೋಹೆನ್ ಅವರ ಶಿಷ್ಯರು. 2018ರಲ್ಲಿ ಬರ್ಕ್ಲಿಯ ತಂಡವೂ ಸ್ವಿಟ್ಜರ್ಲೆಂಡಿನ ಎಂಪಾ ಸಂಸ್ಥೆಯ ತಂಡವೂ ಚಿನ್ನದ ಮೇಲ್ಮೈಯಲ್ಲಿ, ಅತ್ಯುಚ್ಚ ನಿರ್ವಾತದಲ್ಲಿ, ಬೇಕಾದ ಆಕಾರದ ಅಣುಗಳನ್ನು ಬೆಸೆದು ಅಂಥ ಪಟ್ಟಿಗಳನ್ನು ಕಟ್ಟಿದವು. ಸ್ಕ್ಯಾನಿಂಗ್ ಟನಲಿಂಗ್ ಸೂಕ್ಷ್ಮದರ್ಶಕದ ಮೊನೆಯಡಿಯಲ್ಲಿ, ಪಟ್ಟಿಯ ಅಗಲ ಬದಲಾಗುವ ಸರಿಯಾದ ಜಾಗಗಳಲ್ಲೇ, ಲೆಕ್ಕ ಹೇಳಿದ ಸ್ಥಿತಿಗಳು ಬೆಳಗಿದವು. ಹಗುರ ಧಾತುಗಳಲ್ಲಿ ಟೋಪಾಲಜಿ ಇದೆಯೇ ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಆ ಚಿತ್ರಗಳನ್ನು.

ಪಟ್ಟಿಯಿಂದ ಹಾಳೆಗೆ ಬಂದರೆ ಈ ತರ್ಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 2017ರಲ್ಲಿ ಬೆನಾಲ್ಕಜಾರ್, ಬೆರ್ನೆವಿಗ್ ಮತ್ತು ಹ್ಯೂಸ್ ಬರೆದ ಪ್ರಬಂಧದಿಂದ ಹೊಸದೊಂದು ವರ್ಗ ತೆರೆಯಿತು: ಒಳಗೂ ಅವಾಹಕ, ಅಂಚೂ ಅವಾಹಕ, ಮೂಲೆಗಳಲ್ಲಿ ಮಾತ್ರ ಎಲೆಕ್ಟ್ರಾನ್ ಸ್ಥಿತಿ. 2019ರಲ್ಲಿ ಇಂಗಾಲದ್ದೇ ಆದ ಗ್ರಾಫ್‌ಡೈಯೈನ್ ಹಾಳೆ ಈ ವರ್ಗಕ್ಕೆ ಸೇರಿದ್ದೆಂದು ಲೆಕ್ಕಗಳು ಹೇಳಿದವು. ಇಲ್ಲಿ ನಿರ್ಣಾಯಕವಾದದ್ದು ಸಮಮಿತಿ, ಮತ್ತು ಉಂಗುರದೊಳಗಿನ ಬಂಧ ಗಟ್ಟಿಯೋ, ಉಂಗುರದಿಂದ ಉಂಗುರಕ್ಕೆ ಹೋಗುವ ಬಂಧ ಗಟ್ಟಿಯೋ ಎಂಬ ಪ್ರಶ್ನೆ. ಸಾರಜನಕ ಈ ತಕ್ಕಡಿಯನ್ನು ಯಾವ ಕಡೆಗೆ ಬೇಕಾದರೂ ವಾಲಿಸಬಲ್ಲದು. ಸಿ3ಎನ್‌ನಲ್ಲಿ ಬೆಂಜೀನ್ ಉಂಗುರಗಳ ಸುತ್ತ ಸಾರಜನಕದ ಬೇಲಿಯಿದೆ; ಸಿ2ಎನ್‌ನಲ್ಲಿ ತೂತುಗಳ ಸುತ್ತ ಇದೆ; ಹೆಪ್ಟಜೀನ್ ಹಾಳೆಯಲ್ಲಿ ಸಾರಜನಕವೇ ಸೇತುವೆಯಾಗಿದೆ. ಮೂರೂ ಬೇರೆ ಬೇರೆ ನೇಯ್ಗೆ. ಸ್ಫಟಿಕ ಹಾಳೆಗಳ ಪಟ್ಟಿಯನ್ನು ಕಂಪ್ಯೂಟರಿಗೆ ಕೊಟ್ಟು ಸುಮ್ಮನೆ ಜರಡಿ ಹಿಡಿಯುವ ಬದಲು, ರಸಾಯನಶಾಸ್ತ್ರಜ್ಞರ ಜೊತೆ ಕುಳಿತು ಇಲ್ಲಿ ಸಾರಜನಕ ಬೇಕು, ಇಲ್ಲಿ ಬೇಡ ಎಂದು ತಿರುವನ್ನು ವಿನ್ಯಾಸ ಮಾಡುವ ಕಾಲ ಬಂದಿದೆ.

ಕಾಂತಗುಣದ ಬಗ್ಗೆ ಒಂದೇ ಮಾತು. 2010ರಲ್ಲಿ ತಯಾರಾದ ಸಿ4ಎನ್3 ಎಂಬ ಇನ್ನೊಂದು ಹಾಳೆಯಲ್ಲಿ, ಯಾವ ಲೋಹವೂ ಇಲ್ಲದೆ, ಒಂದು ಸ್ಪಿನ್ನಿನ ಎಲೆಕ್ಟ್ರಾನ್‌ಗಳಿಗೆ ಮಾತ್ರ ದಾರಿ ತೆರೆದು ಇನ್ನೊಂದಕ್ಕೆ ಮುಚ್ಚಿರುತ್ತದೆ ಎಂದು 2012ರಲ್ಲಿ ಡು, ಸಾನ್ವಿಟೊ ಮತ್ತು ಸ್ಮಿತ್ ಲೆಕ್ಕ ಹಾಕಿದರು. ಅಂಥ ಹಾಳೆಯಲ್ಲಿ ತಿರುವೂ ಸೇರಿದರೆ ಹಾಲ್ಡೇನ್ 1988ರಲ್ಲಿ ಕಾಗದದ ಮೇಲೆ ಬರೆದದ್ದಕ್ಕೆ ಹಗುರ ಧಾತುಗಳ ರೂಪ ಸಿಕ್ಕಂತೆ.

ಇಷ್ಟು ಹೊತ್ತು ಲೆಕ್ಕ ಎಂಬ ಪದವನ್ನು ಎಷ್ಟು ಸಲ ಬಳಸಿದೆ ಎಂಬುದನ್ನು ನೀವು ಗಮನಿಸಿರುತ್ತೀರಿ. ನೈಟ್ರೈಡ್ ಹಾಳೆಗಳ ಟೋಪಾಲಜಿಯ ಬಗ್ಗೆ ನಾನು ಹೇಳಿದ್ದು ಕಂಪ್ಯೂಟರಿನ ಮಾತು, ಮೀಟರಿನ ಮಾತಲ್ಲ. ಈ ಎರಡನ್ನೂ ಬೆರೆಸಿ ಬರೆಯುವ ಅಭ್ಯಾಸ ನಮ್ಮ ಕ್ಷೇತ್ರದಲ್ಲಿ ಹೆಚ್ಚುತ್ತಿದೆ, ಅದು ನನಗೆ ಸರಿ ಕಾಣುವುದಿಲ್ಲ. ಲೆಕ್ಕದ ವಿಧಾನಕ್ಕೂ ಮಿತಿಯಿದೆ. ಆರಂಭದಲ್ಲಿ ಹೇಳಿದ ಹಳದಿ ಪುಡಿಯನ್ನೇ ತೆಗೆದುಕೊಳ್ಳಿ. ಎಲ್ಲರೂ ಮೊದಲು ಬಳಸುವ ಸರಳ ವಿಧಾನದಲ್ಲಿ ಅದರ ಬ್ಯಾಂಡ್ ಅಂತರ ಸುಮಾರು 1.2 ಎಲೆಕ್ಟ್ರಾನ್ ವೋಲ್ಟ್ ಬರುತ್ತದೆ. ಅಳೆದರೆ ಸಿಗುವುದು 2.7. ಆ ಲೆಕ್ಕ ನಿಜವಾಗಿದ್ದರೆ ಪುಡಿ ಹಳದಿಯಾಗಿ ಅಲ್ಲ, ಕಪ್ಪಾಗಿ ಕಾಣಬೇಕಿತ್ತು. ಹೆಚ್ಚು ಶ್ರಮದ ವಿಧಾನಗಳು ಈ ವ್ಯತ್ಯಾಸವನ್ನು ಸರಿಪಡಿಸುತ್ತವೆ. ಒಂದೂವರೆ ಎಲೆಕ್ಟ್ರಾನ್ ವೋಲ್ಟ್ ತಪ್ಪಬಲ್ಲ ವಿಧಾನದಿಂದ ಐದು ಮಿಲಿ ಎಲೆಕ್ಟ್ರಾನ್ ವೋಲ್ಟಿನ ಅಂತರದ ಬಗ್ಗೆ ತೀರ್ಪು ಕೊಡುವಾಗ ಎಷ್ಟು ಎಚ್ಚರ ಬೇಕೆಂದು ಯೋಚಿಸಿ. ತಿರುವಿನ ಎಣಿಕೆ ಪೂರ್ಣಾಂಕವಾದ್ದರಿಂದ ಅದು ಇಂಥ ತಪ್ಪುಗಳನ್ನು ಒಂದು ಮಟ್ಟದವರೆಗೆ ತಾಳಿಕೊಳ್ಳುತ್ತದೆ ಎಂಬುದು ಸಮಾಧಾನ. ಆದರೆ ಬ್ಯಾಂಡುಗಳ ಮೇಲುಕೆಳಗಿನ ಕ್ರಮವೇ ತಪ್ಪಾದರೆ ಪೂರ್ಣಾಂಕವೂ ತಪ್ಪುತ್ತದೆ.

ಎರಡನೆಯ ಕಷ್ಟ ಮೂಸೆಯದು. 2007ರಲ್ಲಿ ಮ್ಯೂನಿಕ್‌ನ ಸಂಶೋಧಕರು ಎಲೆಕ್ಟ್ರಾನ್ ವಿವರ್ತನೆ ಮತ್ತು ಘನಸ್ಥಿತಿಯ ಎನ್‌ಎಂಆರ್ ಬಳಸಿ ಮೆಲಾನ್‌ನ ಒಳಗಟ್ಟನ್ನು ಬಿಡಿಸಿದರು. ಹೆಪ್ಟಜೀನ್ ಘಟಕಗಳು ಎಲ್ಲ ದಿಕ್ಕಿಗೂ ಬೆಸೆದು ಹಾಳೆಯಾಗದೆ, ಅಂಕುಡೊಂಕು ಸರಪಳಿಗಳಾಗಿ, ಜಲಜನಕ ಬಂಧಗಳಿಂದ ಪಕ್ಕಪಕ್ಕದಲ್ಲಿ ಹಿಡಿದುಕೊಂಡಿದ್ದವು. ಯೂರಿಯಾ ಕಾಯಿಸಿ ಪಡೆಯುವ ಪುಡಿಯೂ ಬಹುಮಟ್ಟಿಗೆ ಹೀಗೆಯೇ. ಕಾಗದದ ಮೇಲಿನ ಅಚ್ಚುಕಟ್ಟಾದ ಸಿ3ಎನ್4 ಅದಲ್ಲ. ನೀರಿನಿಂದ ಜಲಜನಕ ಬಿಡಿಸಲು ಈ ಅಸ್ತವ್ಯಸ್ತತೆ ಅಡ್ಡಿಯಾಗುವುದಿಲ್ಲ, ಕೆಲವೊಮ್ಮೆ ಅನುಕೂಲವೇ ಆಗುತ್ತದೆ. ಟೋಪಾಲಜಿಗೆ ಹಾಗಲ್ಲ. ತಿರುವು ಸಣ್ಣಪುಟ್ಟ ದೋಷಗಳನ್ನು ಸಹಿಸುತ್ತದೆ, ನಿಜ. ಆದರೆ ದೋಷಗಳ ಶಕ್ತಿ ಅಂತರವನ್ನು ಮೀರಿದರೆ ಸಹಿಸುವುದಕ್ಕೆ ಏನೂ ಉಳಿಯುವುದಿಲ್ಲ. ಅಂತರ ಐದು ಮಿಲಿ ಎಲೆಕ್ಟ್ರಾನ್ ವೋಲ್ಟ್ ಎಂದರೆ ಹಾಳೆ ಅಷ್ಟೇ ನಿರ್ಮಲವಾಗಿರಬೇಕು. ಆದ್ದರಿಂದ ಮುಂದಿನ ದಾರಿ ಮೂಸೆಯದ್ದಲ್ಲ, ಚಿನ್ನದ ಮೇಲ್ಮೈಯದ್ದು. ಗ್ರಾಫೀನ್ ಪಟ್ಟಿಗಳನ್ನು ಕಟ್ಟಿದ ಹಾಗೆಯೇ ಸಾರಜನಕ ಹೊತ್ತ ಅಣುಗಳನ್ನು ಒಂದೊಂದಾಗಿ ಬೆಸೆಯಬೇಕು.

ನಮ್ಮಲ್ಲಿ ಇದಕ್ಕೆ ನೆಲೆ ಇಲ್ಲವೆಂದು ವಿದ್ಯಾರ್ಥಿಗಳು ತಿಳಿಯಬಾರದು. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಮತ್ತು ಅವರ ಶಿಷ್ಯರು ಬೋರಾನ್, ಇಂಗಾಲ, ಸಾರಜನಕ ಮೂರೂ ಸೇರಿದ ಬೋರೋಕಾರ್ಬೋನೈಟ್ರೈಡ್ ಪದರಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅದೇ ಬೆಂಗಳೂರಿನಲ್ಲಿ ಎ.ಕೆ. ಸೂದ್, ಉಮೇಶ್ ವಾಘ್ಮರೆ ಮತ್ತು ಸಂಗಡಿಗರು ಆಂಟಿಮನಿ ಸೆಲೆನೈಡ್ ಹರಳನ್ನು ಹೆಚ್ಚಿನ ಒತ್ತಡಕ್ಕೆ ಒಡ್ಡಿ, ರಾಮನ್ ರೋಹಿತದಲ್ಲಿ ಮಾಮೂಲಿ ಅವಾಹಕ ಟೋಪಾಲಜಿಯ ಅವಾಹಕವಾಗುವ ಗುರುತು ಕಂಡಿದ್ದನ್ನು 2013ರಲ್ಲಿ ವರದಿ ಮಾಡಿದರು. ಹಗುರ ಪದರಗಳನ್ನು ಮಾಡಬಲ್ಲವರೂ ತಿರುವನ್ನು ಅಳೆಯಬಲ್ಲವರೂ ಒಂದೇ ಊರಿನಲ್ಲಿದ್ದಾರೆ. ಅವರ ನಡುವೆ ಓಡಾಡುವ ಹುಡುಗ ಹುಡುಗಿಯರು ಬೇಕು. ರಸಾಯನಶಾಸ್ತ್ರದ ಬಿಎಸ್‌ಸಿ ಮಾಡುತ್ತಿರುವವರು ಭೌತಶಾಸ್ತ್ರದ ತರಗತಿಯಲ್ಲೂ ಕೂರಲಿ ಎಂದು ನಾನು ಒತ್ತಾಯಿಸುವುದು ಇದಕ್ಕೇ.

ಕೊನೆಯದಾಗಿ, ನಿರ್ಮಲವಾದ ಸಿ6ಎನ್6 ಹಾಳೆಯೊಂದು ನಿಮ್ಮಲ್ಲಿ ಯಾರ ಕೈಗಾದರೂ ಸಿಕ್ಕಿತೆಂದುಕೊಳ್ಳಿ. ಏನು ಅಳೆಯಬೇಕು? ಎಲೆಕ್ಟ್ರಾನ್‌ಗಳ ಎಣಿಕೆ ಹೊಂದಿಸಿ, ಮಟ್ಟವನ್ನು ಆ ಪುಟ್ಟ ಅಂತರದೊಳಗೆ ತನ್ನಿ. ಹಾಳೆಯನ್ನು ದ್ರವ ಹೀಲಿಯಮ್ಮಿನ ತಂಪಿಗೆ ಇಳಿಸಿ. ಒಂದು ಮೈಕ್ರೊಮೀಟರಿಗಿಂತ ಹತ್ತಿರವಿರುವ ಎರಡು ಸಂಪರ್ಕಗಳ ನಡುವೆ ರೋಧ ಅಳೆಯಿರಿ. ಎರಡು ಅಂಚುಗಳು, ಪ್ರತಿ ಅಂಚಿನಲ್ಲಿ ಒಂದೊಂದು ದಾರಿ. ಆದ್ದರಿಂದ ಬರಬೇಕಾದ ಉತ್ತರ ಕ್ಲಿಟ್ಸಿಂಗ್ ಸಂಖ್ಯೆಯ ಅರ್ಧ, ಸುಮಾರು 12.9 ಕಿಲೋ ಓಮ್. ಹಾಳೆಯ ಅಗಲವನ್ನು ಎರಡರಷ್ಟು ಮಾಡಿ ಮತ್ತೆ ಅಳೆಯಿರಿ. ಒಳಗಿನಿಂದ ವಿದ್ಯುತ್ ಹರಿಯುತ್ತಿದ್ದರೆ ರೋಧ ಅರ್ಧಕ್ಕಿಳಿಯುತ್ತದೆ. ಅಂಚಿನಲ್ಲಿ ಮಾತ್ರ ಹರಿಯುತ್ತಿದ್ದರೆ ಮೀಟರು ಮತ್ತೆ 12.9 ತೋರಿಸುತ್ತದೆ. ಆಮೇಲೆ ಹಾಳೆಗೆ ಲಂಬವಾಗಿ ಕಾಂತಕ್ಷೇತ್ರ ಹಾಕಿ: ಅಂಚಿನ ದಾರಿಗಳಿಗೆ ಇದ್ದ ರಕ್ಷಣೆ ಹೋಗಿ ರೋಧ ಏರಬೇಕು. ಈ ಮೂರೂ ಅಳತೆಗಳು ಸರಿಯಾಗಿ ಬಂದ ದಿನ ಮಾತ್ರ ಸಾರಜನಕದ ಬಗ್ಗೆ ನಾನು ಇವತ್ತು ಹೇಳಿದ್ದನ್ನು ಪಠ್ಯಪುಸ್ತಕಕ್ಕೆ ಸೇರಿಸಬಹುದು.